ತಾನಾಗಿ ಏಳುವ ಗೆರೆ

ಫೆಬ್ರವರಿ 16, ಭಾನುವಾರ

ನಂಜನಗೂಡಿನ ತಂಗಿ ಶಿವನಂಜಮ್ಮನಿಗೆ ಕಾಗದ ಬರೆಯೋಣ ಎಂದು ಕೂತೆ. 'ಚಿರಂಜೀವಿ ಸೌಭಾಗ್ಯವತಿ ಶಿವನಂಜಮ್ಮನಿಗೆ ನಿನ್ನ ಅಣ್ಣ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮ' ಎನ್ನುವಲ್ಲಿಗೆ ಪೆನ್ನು ನಿಂತಿತು. ಫೋನು ಬಂದ ಮೇಲೂ ತಿಂಗಳಿಗೊಂದು ಕಾಗದ ಹಾಕುವುದನ್ನು ನಾನು ಬಿಟ್ಟವನಲ್ಲ. ಕಾಗದವೆಂದರೆ ಆ ಸಾಲಿನಿಂದಲೇ ಶುರು. ಈಗ ಆ ಸಾಲು ಬರೆಯುವ ಹಾಗಿಲ್ಲ, ಬೇರೆ ಸಾಲು ನನಗೆ ಗೊತ್ತಿಲ್ಲ. ಹರಿದು ಹಾಕಿ, ಹಾಲಿನ ಡೈರಿಯವರು ಹೊಸ ವರ್ಷಕ್ಕೆ ಕೊಟ್ಟ ಈ ಪುಸ್ತಕ ತೆಗೆದೆ. ಯಾರಿಗೂ ಕಳಿಸುವುದಲ್ಲ ಎಂದಾದರೆ ಏನಾದರೂ ಬರೆಯಬಹುದು.

ನನ್ನ ಮೊಮ್ಮಗ ದೀಪು ಹೋದ. ಜನವರಿ ಕೊನೆಯಲ್ಲಿ ಜ್ವರ ಅಂತ ಮಲಗಿದ. ಡೆಂಗಿ ಅಂದರು. ಮೈಸೂರಿಗೆ ಕರೆದುಕೊಂಡು ಹೋದೆವು. ಹೋಗುವಾಗ ಅವನೇ ಕಾರಿನ ಮುಂದಿನ ಸೀಟಿನಲ್ಲಿ ಕೂತು ಡ್ರೈವರಿಗೆ ದಾರಿ ಹೇಳುತ್ತಿದ್ದ.

ಇವತ್ತಿಗೆ ಇಷ್ಟು ಸಾಕು.

ಫೆಬ್ರವರಿ 18, ಮಂಗಳವಾರ

ತಿಥಿಯ ದಿನ ನಡೆದದ್ದನ್ನು ಮೊದಲು ಬರೆಯಬೇಕು.

ಹೋದವರು ಒಂದು ಸಲ ಮನೆಗೆ ಬಂದು ಹೋಗುತ್ತಾರೆ ಎಂದು ನಮ್ಮ ಕಡೆ ನಂಬಿಕೆ. ಅವರು ಮಲಗುತ್ತಿದ್ದ ಕಡೆ ಎಡೆ ಇಟ್ಟು, ನೆಲಕ್ಕೆ ತೆಳ್ಳಗೆ ಹಿಟ್ಟು ಹರಡಿ, ಬಾಗಿಲು ಮುಂದೆ ಮಾಡಿ ಸ್ವಲ್ಪ ಹೊತ್ತು ಬಿಟ್ಟು ನೋಡುತ್ತಾರೆ. ಹಿಟ್ಟಿನ ಮೇಲೆ ಹೆಜ್ಜೆ ಮೂಡಿದ್ದರೆ ಬಂದಿದ್ದರು ಅಂತ. ಇರುವೆ ಹರಿದಿರಲಿ, ಗಾಳಿ ಆಡಿರಲಿ, ಹಿರಿಯರಾದವರು ಅದರಲ್ಲೇ ಒಂದು ಬೆರಳೋ ಹಿಮ್ಮಡಿಯೋ ತೋರಿಸಿ ಮನೆಯವರಿಗೆ ಸಮಾಧಾನ ಹೇಳುತ್ತಾರೆ. ನನ್ನ ಹೆಂಡತಿ ಹೋದಾಗ ನನಗೂ ಹಾಗೇ ತೋರಿಸಿದ್ದರು.

ದೀಪುವಿನ ಕೋಣೆಯಲ್ಲಿ ಹಿಟ್ಟು ಹರಡಿದವಳು ಶಿವನಂಜಮ್ಮ. ಬಾಗಿಲು ತೆಗೆದರೆ ಹರಡಿದ ಹಿಟ್ಟು ಹರಡಿದ ಹಾಗೇ ಇತ್ತು.

ನನ್ನ ಸೊಸೆ ಸುನೀತಾ ಮಂಡಿಯೂರಿ ಬಗ್ಗಿ ನೋಡಿದಳು. "ಸರಿಯಾಗಿ ನೋಡಿ ಅತ್ತೆ. ಆ ಮೂಲೇಲಿ ನೋಡಿ."

ನನ್ನ ತಂಗಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಏನೂ ಮೂಡಿಲ್ಲ ಕಣವ್ವ" ಅಂದುಬಿಟ್ಟಳು.

ಬಾಗಿಲಲ್ಲಿ ನಿಂತಿದ್ದ ನನ್ನ ಮಗ ಪುಟ್ಟರಾಜು, "ಹಿಟ್ಟು ಗುಡಿಸ್ಬುಡಿ, ಇರುವೆ ಮುತ್ಕೊತವೆ" ಎಂದು ಹೇಳಿ ಕೊಟ್ಟಿಗೆ ಕಡೆ ಹೊರಟುಹೋದ.

ಮಗನನ್ನು ಮಣ್ಣು ಮಾಡಿದ ದಿನವೂ ಅವನು ಅತ್ತಿರಲಿಲ್ಲ. ಸುನೀತಾ ಅದನ್ನು ತಡೆದುಕೊಂಡಿದ್ದಳು. ಇರುವೆಯ ಮಾತು ತಡೆದುಕೊಳ್ಳಲಿಲ್ಲ. ಅವತ್ತಿನಿಂದ ಗಂಡನ ಜೊತೆ ಮಾತು ಬಿಟ್ಟಿದ್ದಾಳೆ.

ಇನ್ನು ಇವತ್ತಿನದು. ದೀಪುವಿಗೆ ಕಂಪ್ಯೂಟರಿನಲ್ಲಿ ಕಾರ್ ರೇಸು ಓಡಿಸುವ ಹುಚ್ಚು ಇತ್ತು. ಯಾರೋ ಬಳಸಿ ಬಿಟ್ಟ ಸ್ಟೇರಿಂಗು, ಮೂರು ಪೆಡಲು ತಂದು, ಗುಜರಿಯಿಂದ ಒಂದು ವ್ಯಾನಿನ ಸೀಟು ಹೊತ್ತುಕೊಂಡು ಬಂದು, ಹಲಗೆಗೆ ಬಿಗಿದು ಕೂರಿಸಿದ್ದ. ಸಂಜೆ ಐದೂವರೆ ಬಸ್ಸಿಗೆ ನರಸೀಪುರದ ಕಾಲೇಜಿನಿಂದ ಇಳಿದವನು ಬ್ಯಾಗು ಎಸೆದು ನೇರ ಅಲ್ಲಿಗೆ. ಪೆಡಲು ಟಕಟಕ ಅಂದರೆ ಸುನೀತಾ ಒಲೆ ಮೇಲೆ ಕಾಫಿ ಇಡುತ್ತಿದ್ದಳು.

ಇವತ್ತು ಅವಳು ಆ ಕೋಣೆ ಒರೆಸುತ್ತಾ ಕಂಪ್ಯೂಟರ್ ಹಾಕಿದ್ದಾಳೆ. ನಾನು ಜಗಲಿಯಲ್ಲಿದ್ದೆ.

"ಮಾವ! ಬೇಗ ಬನ್ನಿ ಮಾವ!"

ಬಿದ್ದಳೇನೋ ಅಂತ ಓಡಿದೆ. ಪರದೆ ಮೇಲೆ ಪೆಡಲು ಸರಿ ಇದೆಯೋ ಇಲ್ಲವೋ ನೋಡಿಕೊಳ್ಳುವ ಜಾಗ ತೆರೆದಿತ್ತು. ಕ್ಲಚ್ಚಿಗೊಂದು, ಬ್ರೇಕಿಗೊಂದು, ಆಕ್ಸಲೇಟರಿಗೊಂದು ಗೆರೆ. ಪೆಡಲು ತುಳಿದಷ್ಟೂ ಅದರ ಗೆರೆ ಮೇಲೇಳಬೇಕು, ಬಿಟ್ಟರೆ ಇಳಿಯಬೇಕು. ಸೀಟು ಖಾಲಿ ಇತ್ತು. ಆಕ್ಸಲೇಟರಿನ ಹಸಿರು ಗೆರೆ ಮಾತ್ರ ನಡುಗುತ್ತಾ ಏಳುತ್ತಿತ್ತು. ಅರ್ಧಕ್ಕೆ ಬಂದು ಇಳಿಯುವುದು, ಮತ್ತೆ ಏಳುವುದು.

"ಹಿಟ್ಟಿನ ಮೇಲೆ ಇಡ್ನಿಲ್ಲ. ಇಲ್ಲಿಟ್ಟವ್ನೆ ಮಾವ ಕಾಲ."

"ಧೂಳು ಕೂತೈತೆ ಕಣವ್ವ ಒಳಗೆ."

"ಧೂಳಿಗೆ ಟೈಮ್ ಗೊತ್ತಾಯ್ತದಾ?"

ಗೋಡೆ ಗಡಿಯಾರ ನೋಡಿದೆ. ಬಸ್ಸು ಬಂದು ಹೋಗಿ ಅವನು ಮನೆ ಸೇರುವ ಹೊತ್ತೇ.

ಫೆಬ್ರವರಿ 19, ಬುಧವಾರ

ಬೆಳಿಗ್ಗೆ ಪೆಡಲು ಬಿಚ್ಚಿದೆ. ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಏನಾದರೂ ಕಲಿತಿದ್ದರೆ ಬಿಚ್ಚಿ ನೋಡಿಯೇ, ಅದರಲ್ಲಿ ಅರ್ಧ ಮತ್ತೆ ಕೂಡಿಸಲಾರದೆ ಹಾಳಾಗಿದ್ದೂ ಉಂಟು. ಸುನೀತಾಳಿಗೆ ಅದು ಗೊತ್ತು. ಸ್ಕ್ರೂಡ್ರೈವರ್ ಹಿಡಿದಾಗಿನಿಂದ ಪಕ್ಕ ಬಿಟ್ಟು ಕದಲಲಿಲ್ಲ.

"ಬರೀ ನೋಡಿ ಮಾವ. ಏನೂ ತೆಗೀಬೇಡಿ."

"ತೆಗೀದೆ ಎಂಗವ್ವ ನೋಡೋದು?"

"ಹೋದ್ ವರ್ಷ ಮಿಕ್ಸಿನೂ ಇಂಗೇ ಅಂದ್ರಿ. ಅದಿನ್ನೂ ಅಟ್ಟದ ಮೇಲೈತೆ."

ಒಳಗೆ ಅಂಥದ್ದೇನಿಲ್ಲ. ಹಳೇ ರೇಡಿಯೋದಲ್ಲಿ ಸದ್ದು ಏರಿಸುವ ತಿರುಪಿನ ಒಳಗೆ ಇರುತ್ತದಲ್ಲ, ಅದೇ. ಒಂದು ಕಪ್ಪು ಪಟ್ಟಿ, ಅದರ ಮೇಲೆ ಸವರಿಕೊಂಡು ಓಡಾಡುವ ಒಂದು ಸಣ್ಣ ತಗಡಿನ ನಾಲಿಗೆ. ನಾಲಿಗೆ ಎಲ್ಲಿ ನಿಂತಿದೆ ಅಂತ ನೋಡಿ ಕಂಪ್ಯೂಟರು ಗೆರೆ ಎಳೆಯುತ್ತದೆ. ಪಟ್ಟಿಗೆ ಧೂಳು ಕೂತರೆ ರೇಡಿಯೋ ಕರಕರ ಅನ್ನುತ್ತಿತ್ತು. ಇಲ್ಲಿ ಗೆರೆ ನಡುಗುತ್ತದೆ. ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿದೆ. ಹತ್ತಿ ಕಪ್ಪಾಯಿತು. ನೋಡಿದೆಯಾ ಅನ್ನುವ ಹಾಗೆ ಸುನೀತಾಳ ಮುಖ ನೋಡಿದೆ. ಅವಳು ಪೆಡಲಿನ ಮೇಲ್ಭಾಗ ನೋಡುತ್ತಿದ್ದಳು, ಅವನ ಪಾದ ಕೂತು ಕೂತು ರಬ್ಬರು ಸವೆದು ಹೊಳಪಾಗಿದ್ದ ಕಡೆ. "ಅದನ್ನ ಒರಸ್ಬೇಡಿ" ಎಂದಳು. ಒರೆಸಲಿಲ್ಲ.

ಸಂಜೆ ಅದೇ ಹೊತ್ತಿಗೆ ಗೆರೆ ಎದ್ದಿತು. ನಿನ್ನೆಗಿಂತ ಒಂದಿಷ್ಟು ಜಾಸ್ತಿಯೇ.

ಸುನೀತಾ ನನ್ನ ಕಡೆ ತಿರುಗಿ ನಕ್ಕಳು. ಜನವರಿ ಆದಮೇಲೆ ಅವಳ ಹಲ್ಲು ಕಂಡದ್ದು ಇವತ್ತೇ. ನಾನು ಸೋತೆ. ಸೋತದ್ದಕ್ಕೆ ಬೇಜಾರೇನೂ ಆಗಲಿಲ್ಲ.

ಫೆಬ್ರವರಿ 23, ಭಾನುವಾರ

ಮೇಘನಾಗೆ ಫೋನು ಮಾಡಿದೆ. ದೀಪುವಿನ ರೇಸಿನ ಜೊತೆಗಾತಿ. ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯಲ್ಲಿ ಮೀಟರುಗಳನ್ನು ನೋಡಿಕೊಳ್ಳುವ ಕೆಲಸ. ಅವಳು ಅವಳ ಮನೆಯಲ್ಲಿ ಕೂತು, ಇವನು ಇಲ್ಲಿ ಸೋಮನಾಥಪುರದಲ್ಲಿ ಕೂತು, ಒಂದೇ ರಸ್ತೆಯಲ್ಲಿ ಎರಡು ಕಾರು ಓಡಿಸುತ್ತಿದ್ದರಂತೆ. ಇವಳನ್ನು ನಾವು ಮೊದಲು ಕಂಡದ್ದು ತಿಥಿಯ ದಿನ, ಚಪ್ಪರದ ಆಚೆ ಒಬ್ಬಳೇ ನಿಂತಿದ್ದಾಗ.

"ತಾತ, ಮೊದ್ಲು ಯುಎಸ್‌ಬಿ ವೈರು ಬೇರೆ ಕಡೆ ಚುಚ್ಚಿ ನೋಡಿ. ಹಬ್ ಗಿಬ್ ಇದ್ರೆ ತೆಗ್ದಾಕಿ, ಡೈರೆಕ್ಟ್ ಕೊಡಿ."

ಕೊಟ್ಟಾಯಿತು ಅಂದೆ.

"ವೈರು ಅಲ್ಲಾಡ್ಸುದ್ರೆ ಗೆರೆ ಅಲ್ಲಾಡ್ತದಾ?"

ಇಲ್ಲ ಅಂದೆ.

"ಯಾವಾಗ್ಲೂ ಇರುತ್ತಾ, ಬಂದು ಹೋಗುತ್ತಾ?"

"ಸಂಜೆ ಬರ್ತಾನೆ" ಅಂದೆ. ಬಾಯಿ ತಪ್ಪಿ ಬಂತು.

ಹುಡುಗಿ ಹೇಳಿದಳು: "ಏನೂ ಆಗ್ಲಿಲ್ಲ ಅಂದ್ರೆ ಸೆಟ್ಟಿಂಗಲ್ಲಿ ಡೆಡ್ ಜೋನ್ ಕೊಟ್ಬುಡಿ ತಾತ. ಅಂದ್ರೆ ಸಣ್ಣಪುಟ್ಟ ನಡುಕನೆಲ್ಲ ಕಂಪ್ಯೂಟರ್ ಲೆಕ್ಕಕ್ಕೆ ತಗೊಳಲ್ಲ. ಇದ್ರೂ ಇಲ್ಲ ಅಂದ್ಕೊಳ್ತದೆ."

ಫೋನಿನ ದನಿ ನನಗೆ ಸಣ್ಣಗೆ ಕೇಳುತ್ತದೆ, ಅದಕ್ಕೇ ಸ್ಪೀಕರಿನಲ್ಲಿಟ್ಟಿದ್ದೆ. ಅಡುಗೆಮನೆಯಿಂದ ಸುನೀತಾ ಸೌಟು ಹಿಡಿದೇ ಬಂದಳು.

"ಏನ್ ಕೊಡ್ಬೇಕಂತೆ?"

"ಅದೊಂದು ಸೆಟ್ಟಿಂಗು ಕಣವ್ವ."

"ಡೆಡ್ ಅಂದ್ರೆ ನಂಗೆ ಗೊತ್ತಿಲ್ವಾ ಮಾವ? ಆಸ್ಪತ್ರೇಲಿ ಆ ಕಾಗದ ಓದ್ದವ್ಳು ನಾನು." ಫೋನಿನ ಹತ್ತಿರ ಬಗ್ಗಿದಳು. "ನೋಡಮ್ಮ, ನೀನು ಒಳ್ಳೆ ಹುಡುಗಿ. ಇದ್ರೂ ಇಲ್ಲ ಅಂದ್ಕೊಳ್ಳೋರು ಈ ಮನೇಲಿ ಒಬ್ರು ಆಗ್ಲೇ ಅವ್ರೆ. ಇನ್ನೊಂದು ಬ್ಯಾಡ."

ಕೊಟ್ಟಿಗೆಯಲ್ಲಿದ್ದ ಪುಟ್ಟರಾಜುವಿಗೆ ಕೇಳಿಸಿತೋ ಇಲ್ಲವೋ. ಹುಲ್ಲು ಕತ್ತರಿಸುವ ಮಿಷನ್ ಹಾಕಿಕೊಂಡಿದ್ದ.

ಫೆಬ್ರವರಿ 27, ಗುರುವಾರ

ಗೆರೆ ಬಂತು. ಬಹಳ ಹೊತ್ತು ಇತ್ತು. ಸುನೀತಾ ಪೆಡಲಿನ ಪಕ್ಕ ಕಾಫಿ ಇಟ್ಟಳು. ಆರಿದ ಮೇಲೆ ನಾನೇ ಕುಡಿದೆ, ಚೆಲ್ಲುವುದು ಯಾಕೆ ಅಂತ.

ಮಾರ್ಚ್ 3, ಸೋಮವಾರ

ಊಟಕ್ಕೆ ಕೂತಾಗ ನಾನು ನಡುವೆ. ಆ ಕಡೆ ಮಗ, ಬಡಿಸಲು ಸೊಸೆ.

"ಮಾವ, ಸಾರು ಬೇಕಾ ಕೇಳಿ ಅವ್ರಿಗೆ."

"ಸಾರು ಬೇಕೇನಪ್ಪ?"

"ಸಾಕು ಅನ್ನಿ ಅಪ್ಪ."

"ಸಾಕಂತೆ ಕಣವ್ವ."

ಮೂರು ಜನ ಮೂರು ಮಾರು ದೂರದಲ್ಲಿಲ್ಲ. ಬೇರೆ ಮನೆಯಲ್ಲಿ ಹೀಗೆ ನಡೆದಿದ್ದರೆ ನಾನು ನಕ್ಕುಬಿಡುತ್ತಿದ್ದೆ.

ಮುದ್ದೆ ಮುಗಿಸಿ ಪುಟ್ಟರಾಜು, "ಅಪ್ಪ, ಆ ಪೆಡ್ಲು ಯಾರ್ಗಾದ್ರೂ ಕೊಟ್ಬುಡಿ" ಎಂದ. "ಕರೆಂಟಿಂದು ಏನೋ ತೊಂದ್ರೆ ಅದು. ಅದ್ರ ಮುಂದೆ ಕೂತು ಕೂತು ಆರೋಗ್ಯ ಕೆಡ್ತದೆ."

ಯಾರ ಆರೋಗ್ಯ ಎಂದು ಹೇಳಲಿಲ್ಲ. ಸುನೀತಾ ಸೌಟನ್ನು ಪಾತ್ರೆಗೆ ಕುಕ್ಕಿದಳು.

"ಹೇಳಿ ಮಾವ ಅವ್ರಿಗೆ. ಅವ್ನ ಬಟ್ಟೆ ಕೊಟ್ಟಾಯ್ತು, ಬೈಕು ಕೊಟ್ಟಾಯ್ತು. ಇದು ನನ್ಗೆ ಬುಡಿ ಅನ್ನಿ. ಅವ್ರಿಗೆ ಅವ್ರ ಹಸು ಐತಲ್ಲ. ನಾಕು ಹಸುಗೆ ದಿನಾ ಅಷ್ಟೊತ್ತು ಹುಲ್ಲು ಕತ್ರುಸ್ತಾರೆ, ಊರ್ ದನಕ್ಕೆಲ್ಲ ಆಗೋ ಅಷ್ಟು."

ಪುಟ್ಟರಾಜು ಕೈ ತೊಳೆದು ಎದ್ದು ಹೋದ. ಅವನ ತಟ್ಟೆಯಲ್ಲಿ ಅರ್ಧ ಅನ್ನ ಹಾಗೇ ಇತ್ತು. ಕಲ್ಲು ಮನಸ್ಸಿನವನಲ್ಲ ನನ್ನ ಮಗ, ಚಿಕ್ಕವನಿದ್ದಾಗ ಕರು ಸತ್ತರೆ ಅನ್ನ ಬಿಡುತ್ತಿದ್ದ. ಸ್ವಂತ ಮಗನಿಗೆ ಮಾತ್ರ ಯಾಕೆ ಹೀಗೆ ಆದ ಅಂತ ನನಗೂ ತಿಳಿಯಲಿಲ್ಲ.

ಮಾರ್ಚ್ 6, ಗುರುವಾರ

ಗೆರೆ ಬರಲಿಲ್ಲ.

ಪುಟ್ಟರಾಜು ನಂಜನಗೂಡಿಗೆ ಹೋಗಿದ್ದಾನೆ. ಶಿವನಂಜಮ್ಮನಿಗೆ ಮಂಡಿ ನೋವು ಜಾಸ್ತಿಯಾಗಿ ಡಾಕ್ಟರಿಗೆ ತೋರಿಸಬೇಕಿತ್ತು. ರಾತ್ರಿ ಅಲ್ಲೇ ಉಳಿಯುತ್ತೇನೆ ಅಂದ. ನಾನು ಅವನ ಹುಲ್ಲಿನ ಮಿಷನ್ ಹತ್ತಿರ ಹೋಗುವವನಲ್ಲ, ಬೆರಳು ಎಳೆದುಕೊಂಡುಬಿಡುತ್ತದೆ ಅಂತ ಭಯ. ಕುಡುಗೋಲಿನಲ್ಲೇ ಹುಲ್ಲು ಕತ್ತರಿಸಿ ಹಸುಗಳಿಗೆ ಹಾಕಿ, ಕೈಕಾಲು ತೊಳೆದು ಐದೂವರೆಗೆ ಮುಂಚೆ ಬಂದು ಕೂತೆ.

ಬಸ್ಸು ಬಂದ ಸದ್ದಾಯಿತು, ಹೋದ ಸದ್ದಾಯಿತು. ಮೂರು ಗೆರೆಯೂ ನೆಲ ಹಿಡಿದು ಮಲಗಿದ್ದವು.

"ಬತ್ತಾನೆ ತಡೀರಿ ಮಾವ" ಅಂದಳು ಸುನೀತಾ. ಕಂಪ್ಯೂಟರ್ ಆರಿಸಿ ಮತ್ತೆ ಹಾಕಿದಳು. ಬಾಗಿಲು ತೆಗೆದಿಟ್ಟಳು. ಕತ್ತಲಾಯಿತು. "ಡೆಡ್ಡು ಗಿಡ್ಡು ಅಂತ ಆ ಹುಡ್ಗಿ ಹೇಳಿದ್ದು ಮಾಡುದ್ರಾ ಏನು?" ಎಂದು ನನ್ನನ್ನು ಕೇಳಿದಳು. ಇಲ್ಲ ಕಣವ್ವ, ನಿನ್ನಾಣೆ ಅಂದೆ. ಗೋಡೆಗೆ ತಲೆ ಇಟ್ಟು ಅಳತೊಡಗಿದಳು. ಎರಡನೇ ಸಲ ಹೋದ ಅಂದಳು.

ನಾನೇನು ಅವಳ ಹಾಗೆ ಕಾದಿರಲಿಲ್ಲ. ಅವಳಿಗೆ ಜೊತೆ ಇರಲಿ ಅಂತ ಕೂತವನು. ಆದರೂ ಬೆನ್ನು ಸೆಟೆದುಕೊಂಡು ಏಳಲಾಗಲಿಲ್ಲ.

ಮಾರ್ಚ್ 7, ಶುಕ್ರವಾರ

ಬಂತು! ಮಧ್ಯಾಹ್ನದ ಬಸ್ಸಿಗೆ ಪುಟ್ಟರಾಜು ವಾಪಸು ಬಂದ, ಸಂಜೆ ಗೆರೆಯೂ ಬಂತು. ಸುನೀತಾ ಅಕ್ಕಿ ರೊಟ್ಟಿ ಸುಟ್ಟು ತಂದು ಹಲಗೆ ಮೇಲೆ ಇಟ್ಟಳು. ನಾನು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆ. ಗೆರೆ ಒಂದೇ ಸಮನೆ ಏಳುತ್ತಿತ್ತು. ನಿನ್ನೆ ಎಲ್ಲೋ ತಡವಾಗಿತ್ತು, ಇವತ್ತು ಅದನ್ನೂ ಸೇರಿಸಿ ಓಡಿಸುತ್ತಿದ್ದಾನೆ ಅನ್ನಿಸಿತು. ಹಾಗೆ ಅನ್ನಿಸುವುದು ತಪ್ಪು, ಗೊತ್ತು. ಅನ್ನಿಸಿದ್ದನ್ನು ಬರೆದೆ.

ಮಾರ್ಚ್ 9, ಭಾನುವಾರ

ಮೇಘನಾ ಬಂದಿದ್ದಳು. ನಂಜನಗೂಡಿನಿಂದ ನರಸೀಪುರ, ಅಲ್ಲಿಂದ ಬಸ್ಸು ಬದಲಾಯಿಸಿ. ಸುನೀತಾ ಮುಖ ಗಂಟು ಹಾಕಿಕೊಂಡಿದ್ದವಳು, ಹುಡುಗಿ ಆ ವ್ಯಾನಿನ ಸೀಟು ಮುಟ್ಟಿ ತುಟಿ ಕಚ್ಚಿಕೊಂಡಿದ್ದು ಕಂಡು ಕರಗಿದಳು. ಬಲವಂತ ಮಾಡಿ ಊಟಕ್ಕೆ ಕೂರಿಸಿದಳು.

"ಗೆಲ್ತಿದ್ನಾ ನನ್ ಮಗ?"

"ಎಲ್ಲಿ ಆಂಟಿ. ಕೊನೇ ತಿರುವಲ್ಲಿ ದಿನಾ ಗುದ್ದೋನು. ಗುದ್ದಿ, ನೀನೇ ಅಡ್ಡ ಬಂದೆ ಅಂತ ನನ್ಗೇ ಬಯ್ಯೋನು."

"ಅಯ್ಯೋ, ನಂಗೆ ದಿನಾ ಫಸ್ಟು ಬಂದೆ ಅಂತಿದ್ದ" ಎಂದು ಸುನೀತಾ ನಕ್ಕಳು, ನಗುತ್ತಲೇ ಸೆರಗು ಕಣ್ಣಿಗೆ ಹೋಯಿತು.

ಸಂಜೆಯವರೆಗೂ ಹುಡುಗಿ ಇದ್ದಳು. ಗೆರೆ ಎದ್ದದ್ದನ್ನು ಸುನೀತಾಳ ಪಕ್ಕ ನಿಂತು ನೋಡಿದಳು. ಬಸ್ ಸ್ಟಾಪಿಗೆ ಬಿಡಲು ಹೊರಟ ನನ್ನನ್ನು ಹಿತ್ತಲಿಗೆ ಕರೆದಳು. ಅಲ್ಲಿ ಮನೆಯ ಅರ್ಥಿಂಗ್ ಗುಂಡಿ ಇದೆ. ಕರೆಂಟಿನ ತಂತಿಯೊಂದನ್ನು ನೆಲಕ್ಕೆ ಇಳಿಸಿ ಇದ್ದಿಲು ಉಪ್ಪು ಹಾಕಿ ಮುಚ್ಚಿರುತ್ತಾರಲ್ಲ, ಅದು. ಬೂಟಿನ ತುದಿಯಲ್ಲಿ ಕೆದಕಿದಳು. ಮಣ್ಣು ಒಣಗಿ ಬಿರುಕು ಬಿಟ್ಟಿತ್ತು.

"ತಾತ, ಕಾಲೇಜಿಗೆ ಹೋಗೋಕೆ ಮುಂಚೆ ದೀಪು ಇದಕ್ಕೆ ದಿನಾ ಒಂದ್ ಬಕೆಟ್ ನೀರು ಹುಯ್ತಿದ್ದ. ಹುಯ್ದಿಲ್ಲ ಅಂದ್ರೆ ಕಾರು ನಿಂತಲ್ಲೇ ಎಗರಾಡ್ತದೆ ಅಂತ ನಂಗೆ ಹೇಳಿದ್ದ. ಹಸಿ ಇಲ್ಲ ಅಂದ್ರೆ ಅರ್ಥಿಂಗ್ ಕೆಲ್ಸ ಮಾಡಲ್ಲ. ಆಗ ಯಾವ್ದಾದ್ರೂ ಮೋಟ್ರು ಓಡುದ್ರೆ ಅದರ ಗಲಾಟೆ ಎಲ್ಲ ತಂತೀಲಿ ಬಂದು ಪೆಡಲ್ ಒಳಗೆ ಸೇರ್ಕೊತದೆ. ಯಾರೂ ತುಳೀದಿದ್ರೂ ತುಳ್ದಂಗೆ ತೋರಿಸ್ತದೆ."

"ಯಾವ ಮೋಟ್ರು?"

ಅವಳು ಕೊಟ್ಟಿಗೆ ಕಡೆ ನೋಡಿದಳು. ಹುಲ್ಲು ಕತ್ತರಿಸುವ ಮಿಷನ್ ಗರಗರ ಅನ್ನುತ್ತಲೇ ಇತ್ತು. ದಿನಾ ಸಂಜೆ ಹಾಲು ಕರೆಯುವ ಮುಂಚೆ ಪುಟ್ಟರಾಜು ಅದನ್ನು ಹಾಕುತ್ತಾನೆ. ಐದೂವರೆ ಬಸ್ಸಿನ ಹೊತ್ತು. ಕೊಟ್ಟಿಗೆಗೂ ದೀಪುವಿನ ಕೋಣೆಗೂ ಒಂದೇ ಲೈನು.

"ಒಂದ್ ಬಕೆಟ್ ನೀರು ತಾತ. ಅಷ್ಟೇ. ಆಂಟಿಗೆ ನೀವೇ ಹೇಳಿ, ನನ್ ಕೈಲಾಗಲ್ಲ."

ಮಾರ್ಚ್ 10, ಸೋಮವಾರ

ಬಕೆಟ್ ತುಂಬಿಸಿ ಹಿತ್ತಲಿಗೆ ತೆಗೆದುಕೊಂಡು ಹೋದೆ. ಗುಂಡಿಯಿಂದಾಚೆ ಬೇಲಿ ಪಕ್ಕ ಕರಿಬೇವಿನ ಗಿಡ ಬಾಡಿತ್ತು. ಅದಕ್ಕೆ ಹುಯ್ದೆ. ಬೇಸಿಗೆ ಶುರುವಾಗಿದೆ, ಗಿಡ ಒಣಗಿಸಬಾರದು.

ಮಾರ್ಚ್ 12, ಬುಧವಾರ

ಸುನೀತಾಳಿಗೆ ಹೇಳಿಲ್ಲ. ಈಗಷ್ಟೇ ಎರಡು ಹೊತ್ತು ಊಟ ಮಾಡುತ್ತಿದ್ದಾಳೆ. ಇನ್ನೊಂದು ವಾರ ಹೋಗಲಿ. ಇದೆಲ್ಲ ಅವಳಿಗೋಸ್ಕರ.

ಇವತ್ತು ಅವಳು ತೌರಿನವರ ಜೊತೆ ಬನ್ನೂರಿಗೆ ಹೋಗಿದ್ದಳು, ಬರುವುದು ಏಳು ಗಂಟೆಯಾಯಿತು. ನಾನು ಐದು ಗಂಟೆಗೇ ಕಂಪ್ಯೂಟರ್ ಹಾಕಿಟ್ಟೆ. ಅವಳು ಬೇಗ ಬಂದುಬಿಟ್ಟರೆ ಸಿದ್ಧವಾಗಿರಲಿ ಅಂತ. ಗೆರೆ ಬಂತು. ಕಾಲೇಜು ಹೇಗಿತ್ತಪ್ಪ ಅಂದೆ. ಕೇಳುವವರು ಯಾರೂ ಇರಲಿಲ್ಲವಾದ್ದರಿಂದ ಅಂದೆ.

ಮಾರ್ಚ್ 16, ಭಾನುವಾರ

ನಿಧಾನವಾಗಿ ಬರೆಯಬೇಕು.

ಸಂಜೆ ಎಂದಿನಂತೆ ಗೆರೆ ಎದ್ದಿತು. ಆರು ಗಂಟೆಯಾದರೂ ಇಳಿಯಲಿಲ್ಲ. ಸುನೀತಾ ಸೀಟಿನ ಪಕ್ಕ ನೆಲದ ಮೇಲೆ ಕೂತು ಹುರುಳಿ ಆರಿಸುತ್ತಿದ್ದಳು.

"ಇವತ್ತು ಹೋಗಾಕೇ ಮನ್ಸಿಲ್ಲ ಮಾವ ಅವ್ನಿಗೆ."

ನನಗೆ ಮಿಷನ್ ಸದ್ದು ಕೇಳುತ್ತಿತ್ತು. ಇಷ್ಟು ಹೊತ್ತು ಓಡಿಸಿದರೆ ಮೋಟ್ರು ಸುಟ್ಟುಹೋಗುತ್ತದೆ, ಸುಟ್ಟರೆ ನಾಳೆ ಗೆರೆ ಬರುವುದಿಲ್ಲ. ಆ ಯೋಚನೆಗೇ ಎದ್ದು ಹೊರಟದ್ದು ನಾನು. ಬೇರೆ ಏನೂ ಇರಲಿಲ್ಲ ಮನಸ್ಸಿನಲ್ಲಿ.

ಕೊಟ್ಟಿಗೆ ಬಾಗಿಲು ಅರ್ಧ ತೆರೆದಿತ್ತು. ಹಸುಗಳ ಮುಂದೆ ಗೋದಲಿ ತುಂಬಿತ್ತು. ಅವು ಹೊಟ್ಟೆ ತುಂಬಿ ಮೆಲುಕು ಹಾಕುತ್ತಿದ್ದವು. ಮಿಷನ್ ಓಡುತ್ತಿತ್ತು. ಅದರ ಬಾಯಲ್ಲಿ ಒಂದೆಸಳು ಹುಲ್ಲಿಲ್ಲ. ಬಿಚ್ಚದ ಹೊರೆಗಳು ಮೂಲೆಯಲ್ಲಿ ಒರಗಿದ್ದವು. ಬರೀ ಚಕ್ರ, ಬರೀ ಸದ್ದು.

ಪುಟ್ಟರಾಜು ಬೂಸಾ ಚೀಲದ ಮೇಲೆ ಗೋಡೆ ಕಡೆ ಮುಖ ಮಾಡಿ ಕೂತಿದ್ದ. ಟವೆಲನ್ನು ಎರಡೂ ಕೈಯಲ್ಲಿ ಬಾಯಿಗೆ ಒತ್ತಿಕೊಂಡು, ಮತ್ತೆ ತೆಗೆದು, ಬಾಯಿ ಬಿಟ್ಟು ಕೂಗುತ್ತಿದ್ದ. ಏನೂ ಕೇಳುತ್ತಿರಲಿಲ್ಲ. ನಾನು ನಿಂತಿದ್ದು ಎರಡು ಮಾರು ದೂರದಲ್ಲಿ, ಆದರೂ ಅವನ ದನಿ ನನ್ನವರೆಗೆ ಬರಲಿಲ್ಲ. ಅವನ ಬೆನ್ನು ಏರುವುದು ಇಳಿಯುವುದು ಮಾತ್ರ ಕಾಣುತ್ತಿತ್ತು. ತುಟಿಯನ್ನು ಪಕ್ಕದಿಂದ ನೋಡಿದೆ. ದೀಪು ಅಂಬೆಗಾಲಿಡುತ್ತಿದ್ದಾಗ ಕರೆಯುತ್ತಿದ್ದ ಹಾಗೆ ಕರೆಯುತ್ತಿದ್ದ. ಮಗಾ, ಮಗಾ, ಮಗಾ.

ಅವನನ್ನು ಮುಟ್ಟಬೇಕಿತ್ತು. ಅಪ್ಪನ ಮುಂದೆ ಅತ್ತುಬಿಟ್ಟೆ ಅನ್ನುವ ಸಂಕಟ ಬೇರೆ ಅವನಿಗೆ ಆಗುವುದು ಬೇಡ ಅನ್ನಿಸಿತು. ಹೋಗಬೇಕಾದವನು ನಾನಲ್ಲ. ಹಿಂದಕ್ಕೆ ಬಂದೆ.

ಸುನೀತಾ ಮೊರ ಬಿಟ್ಟು ಪರದೆ ನೋಡುತ್ತಿದ್ದಳು. ಗೆರೆ ನೆತ್ತಿ ಮುಟ್ಟಿ ನಡುಗುತ್ತಿತ್ತು.

"ನೋಡಿ ಮಾವ, ಇನ್ನೂ ಅವ್ನೆ."

"ಸುನೀತಾ, ಅದು ದೀಪು ಅಲ್ಲ ಕಣವ್ವ."

"ಶುರು ಮಾಡುದ್ರಾ ಧೂಳಿನ ಕತೆ?"

"ಧೂಳೂ ಅಲ್ಲ. ಅವರಪ್ಪ."

ಅವಳು ತಿರುಗಿ ನನ್ನ ಮುಖ ನೋಡಿದಳು.

"ಕೊಟ್ಟಿಗೆ ಮಿಷನ್ ಓಡ್ದಾಗ ಇದು ಏಳ್ತದೆ, ನಿಲ್ಲಿಸ್ದಾಗ ಇಳೀತದೆ. ಕರೆಂಟು ಒಂದೇ. ಮೇಘನಾ ಹೇಳಿದ್ಲು. ನಾನು ನಿಂಗೆ ಹೇಳ್ನಿಲ್ಲ."

"ಅಂದ್ರೆ ಬರೀ ಹುಲ್ಲು ಕತ್ರುಸೋದಾ ಇದು ಇಷ್ಟು ದಿನ?" ಅವಳ ದನಿ ಒಡೆದು ಕೋಪವಾಯಿತು. "ನಾನಿಲ್ಲಿ ನನ್ ಮಗ ಅಂತ ಕಾಫಿ ಇಟ್ಕೊಂಡು ಕೂತಿದ್ರೆ, ಅವ್ರಲ್ಲಿ ಹುಲ್ಲು…"

"ಹುಲ್ಲಿಲ್ಲ ಕಣವ್ವ."

"ಏನು?"

"ಮಿಷನ್‌ಗೆ ಹುಲ್ಲೇ ಕೊಟ್ಟಿಲ್ಲ. ಖಾಲಿ ಓಡಿಸ್ತಾವ್ನೆ. ಸದ್ದು ಮನೆಗೆ ಕೇಳ್ಬಾರ್ದು ಅಂತ."

"ಮಿಷನ್ ಸದ್ದು ಕೇಳ್ತಾನೇ ಐತಲ್ಲ. ಯಾವ ಸದ್ದು ಕೇಳ್ಬಾರ್ದು?"

"ಅವನ್ದು."

ಸುನೀತಾ ಪರದೆ ನೋಡಿದಳು. ಗೆರೆ ಒಂದು ಸಲ ಸ್ವಲ್ಪ ಇಳಿದು ಮತ್ತೆ ಜಿಗಿಯಿತು. ಅವಳು ಅದನ್ನು ಹಿಂದೆಂದೂ ನೋಡದ ಹಾಗೆ ನೋಡುತ್ತಿದ್ದಳು. ಎಷ್ಟು ಸಂಜೆ, ಎಷ್ಟು ಹೊತ್ತು, ಎಷ್ಟು ಎತ್ತರ, ಎಲ್ಲ ಅವಳ ಮನಸ್ಸಿನಲ್ಲಿ ಬಂದು ಹೋಯಿತೇನೋ. "ಇದಷ್ಟೂ ಅವ್ರಾ?" ಎಂದಳು. ನನ್ನನ್ನು ಕೇಳಿದ್ದಲ್ಲ. ಎದ್ದಳು. ಮೊರ ಕಾಲಿಗೆ ಸಿಕ್ಕಿ ಹುರುಳಿ ಚೆಲ್ಲಾಪಿಲ್ಲಿಯಾಯಿತು. ಅದನ್ನು ತುಳಿದುಕೊಂಡೇ ಅಡುಗೆಮನೆ ದಾಟಿ ಹಿಂದಿನ ಬಾಗಿಲಿಂದ ಹೋದಳು, ಬರಿಗಾಲಲ್ಲಿ.

ನಾನು ಹೋಗಲಿಲ್ಲ. ಪರದೆ ನೋಡಿಕೊಂಡು ಕೂತೆ. ಹಿತ್ತಲು ದಾಟುವಷ್ಟು ಹೊತ್ತು ಆಯಿತು. ಬಾಗಿಲಲ್ಲಿ ನಿಂತಿದ್ದಾಳೆ ಅಂದುಕೊಂಡೆ. ಇನ್ನೂ ನಿಂತಿದ್ದಾಳೆ ಅಂದುಕೊಂಡೆ.

ಹಸಿರು ಗೆರೆ ಕೆಳಗೆ ಬಿತ್ತು. ಅದೇ ಗಳಿಗೆಗೆ ಕೊಟ್ಟಿಗೆ ಸದ್ದು ನಿಂತಿತು.

ಮೊದಲು ಕೇಳಿದ್ದು ನನ್ನ ಮಗನ ದನಿ. ಮಿಷನ್ ಸದ್ದಿನ ಒಳಗೆ ಕೂಗುತ್ತಿದ್ದವನಿಗೆ ತಕ್ಷಣ ನಿಲ್ಲಿಸಲಾಗಲಿಲ್ಲವೇನೋ. ಊರಿಗೆಲ್ಲ ಕೇಳುವ ಹಾಗೆ ಒಂದು ಸಲ ಬಂತು. ಆಮೇಲೆ ಸುನೀತಾಳದು. "ನನ್ಗ್ಯಾಕೆ ಹೇಳ್ನಿಲ್ಲ ರೀ, ನನ್ಗ್ಯಾಕೆ ಹೇಳ್ನಿಲ್ಲ" ಅನ್ನುತ್ತಿದ್ದಳು. ಆಮೇಲೆ ಯಾವುದು ಯಾರ ಅಳು ಅಂತ ಬೇರೆ ಮಾಡಲಾಗಲಿಲ್ಲ. ಹಸುವೊಂದು ಕೂಗಿತು. ಹಾಲು ಕರೆಯುವ ಹೊತ್ತು ಮೀರಿತ್ತು, ಇಬ್ಬರೂ ಏಳಲಿಲ್ಲ.

ಅಷ್ಟಾದರೂ ಆಯಿತಲ್ಲ ಅಂದುಕೊಂಡೆ. ಹುರುಳಿ ಬಳಿದು ಮೊರಕ್ಕೆ ಹಾಕಿದೆ. ಇನ್ನು ಇದರ ಕೆಲಸ ಮುಗಿಯಿತು ಅಂತ ಕಂಪ್ಯೂಟರ್ ಆರಿಸಲು ಕೈ ಚಾಚಿದೆ.

ಸುನೀತಾ ಇಲ್ಲ, ಯಾರಿಗೂ ಜೊತೆ ಕೊಡಬೇಕಾಗಿಲ್ಲ. ಮಿಷನ್ ನಿಂತಿದೆ. ಅದು ಏನು, ಎಲ್ಲಿಂದ ಬರುತ್ತದೆ, ಎಲ್ಲ ನನಗೆ ಗೊತ್ತಿದೆ. ಕೈ ಗುಂಡಿಯವರೆಗೆ ಹೋಯಿತು, ಒತ್ತಲಿಲ್ಲ. ಇನ್ನೊಂದು ಸಲ ಎದ್ದರೆ ನೋಡಿಕೊಂಡು ಆರಿಸೋಣ ಅಂತ ಕೂತೆ.

ಇಲ್ಲೇ ಕೂತು ಬರೆಯುತ್ತಿದ್ದೇನೆ. ಇನ್ನೂ ಎದ್ದಿಲ್ಲ.